ರಕ್ಷಿಸುವನೆಂಬ ವಿಶ್ವಾಸ

'ಸಂಕಟ ಬಂದಾಗ ವೆಂಕಟರಮಣ' ಎಂಬ ಗಾದೆಯನ್ನು ಜನರು ಸಾಮಾನ್ಯವಾಗಿ ಪರಿಹಾಸಕ್ಕೆಂದು ಹೇಳುವರು. ಸುಖದ ದಿನಗಳಲ್ಲಿ ದೇವರನ್ನು ಮರೆತು ದುಃಖದ ದಿನಗಳಲ್ಲಿ ಮಾತ್ರ ಅವನ ಬಾಗಿಲನ್ನು ತಟ್ಟುವವನ ಸ್ವಾರ್ಥವನ್ನು ಆ ಗಾದೆಯು ಎತ್ತಿ ತೋರಿಸುವುದೆಂಬುದು ನಿಜ. ಆದರೆ ಸಂಕಟದಲ್ಲಿ ಕರೆಯುವುದೇ ತಪ್ಪೆಂದು ಹಿರಿಯರು ಎಲ್ಲಿಯೂ ಹೇಳಿಲ್ಲ. ಭಾಗವತದ ಅಷ್ಟಮಸ್ಕಂಧದ ಗಜೇಂದ್ರನು ಮೊಸಳೆಯೊಡನೆ ಬಹುಕಾಲ ಹೋರಾಡಿ, ತನ್ನ ಬಲವೂ ಬಂಧುಗಳಾದ ಆನೆಗಳ ಬಲವೂ ನಿಷ್ಫಲವಾದ ಮೇಲೆಯೇ ಸೊಂಡಿಲಿನಲ್ಲಿ ತಾವರೆಯನ್ನೆತ್ತಿ ಕೂಗಿದನು. ತಡವಾಗಿ ಕರೆದೆಯೆಂದು ಭಗವಂತನು ಅವನನ್ನು ಆಕ್ಷೇಪಿಸಲಿಲ್ಲ. ದೋಷವಿರುವುದು ಕರೆಯುವ ಕಾಲದಲ್ಲಲ್ಲ. ಕರೆಯುವವನು ಎಂತಹ ಉತ್ತರವನ್ನು ನಿರೀಕ್ಷಿಸುವನೆಂಬುದನ್ನು ಅವಲಂಬಿಸಿಯೇ ಅವನ ನಂಬಿಕೆಯ ಗುಣದೋಷಗಳನ್ನು ತೂಗಬೇಕು.

ದೇವರು ರಕ್ಷಿಸುವನೆಂದು ವಿಶ್ವಾಸವಿಡಬೇಕೆಂಬ ಉಪದೇಶವನ್ನು ಎಲ್ಲರೂ ಬಾಲ್ಯದಿಂದ ಕೇಳಿರುವರು. ಹೀಗಿದ್ದರೂ ಆ ವಿಶ್ವಾಸದ ಅರ್ಥವೇನೆಂದು ವಿಚಾರಿಸುವವರು ವಿರಳ. ವ್ಯಾಧಿಯು ತನ್ನ ಮನೆಯ ಹೊಸಿಲನ್ನು ದಾಟದೆಂಬುದು ಅದರ ಅರ್ಥವೇ? ಯುದ್ಧದಲ್ಲಿ ತನ್ನ ಮಗನಿಗೆ ಗಾಯವಾಗದೆಂಬುದೇ? ಮಳೆಯು ತಪ್ಪಿದ ವರ್ಷದಲ್ಲಿ ತನ್ನ ಹೊಲವು ಮಾತ್ರ ಹಸುರಾಗಿರುವುದೆಂಬುದೇ? ಇದೇ ಅರ್ಥವಾದರೆ ನಾಸ್ತಿಕನ ಆಕ್ಷೇಪಕ್ಕೆ ಉತ್ತರವಿಲ್ಲ. ನಂಬಿದವನೂ ಸತ್ತನು, ನಂಬದವನೂ ಉಳಿದನು ಎಂದು ಅವನು ಬೆರಳಿಟ್ಟು ತೋರಿಸಬಲ್ಲನು. ಈ ಆಕ್ಷೇಪವನ್ನು ಕೋಪದಿಂದ ತಳ್ಳಿಹಾಕುವುದು ವಿಚಾರವಂತರಿಗೆ ತಕ್ಕುದಲ್ಲ. ಏಕೆಂದರೆ ಮಗುವನ್ನು ಕಳೆದುಕೊಂಡ ತಾಯಿಯು ಬಾಯಿಬಿಟ್ಟು ಹೇಳದಿದ್ದರೂ ಅವಳ ಹೃದಯದಲ್ಲಿರುವುದು ಇದೇ ಪ್ರಶ್ನೆ.

ಮಹಾಭಾರತವನ್ನು ಬಲ್ಲವರಿಗೆ ಈ ಪ್ರಶ್ನೆಯು ಹೊಸದಲ್ಲ. ಶ್ರೀಕೃಷ್ಣನೇ ಸಾರಥಿಯಾಗಿದ್ದ ಪಕ್ಷದಲ್ಲಿ ಅವನ ಸೋದರಳಿಯನಾದ ಅಭಿಮನ್ಯುವು ಹದಿಹರೆಯದಲ್ಲಿಯೇ ಮಡಿದನು. ಯುದ್ಧವು ಮುಗಿದ ರಾತ್ರಿಯಲ್ಲಿ ದ್ರೌಪದಿಯ ಐವರು ಮಕ್ಕಳೂ ನಿದ್ರೆಯಲ್ಲಿಯೇ ಹತರಾದರು. ಪಾಂಡವರಷ್ಟು ಭಗವಂತನಿಗೆ ಹತ್ತಿರವಾಗಿದ್ದವರೂ ಇಲ್ಲ, ಅವರಷ್ಟು ಕಳೆದುಕೊಂಡವರೂ ಇಲ್ಲ. ಆದರೂ ವ್ಯಾಸರು ಅವರನ್ನು ರಕ್ಷಿತರೆಂದೇ ವರ್ಣಿಸುವರು. ಆದುದರಿಂದ ರಕ್ಷಣೆಯೆಂಬ ಶಬ್ದಕ್ಕೆ ಅಪಾಯವು ಬಾರದಿರುವಿಕೆಯೆಂಬ ಅರ್ಥವು ವ್ಯಾಸರಿಗೆ ಸಮ್ಮತವಾಗಿರಲಿಲ್ಲವೆಂದೇ ಹೇಳಬೇಕಾಗುವುದು.

ಈ ವಿಷಯದಲ್ಲಿ ಪರೀಕ್ಷಿದ್ರಾಜನ ಚರಿತ್ರೆಯಷ್ಟು ಬೆಳಕನ್ನು ಕೊಡುವ ಕಥೆಯು ಬೇರೊಂದಿಲ್ಲ. ಅವನಿನ್ನೂ ಉತ್ತರೆಯ ಗರ್ಭದಲ್ಲಿದ್ದಾಗ ಅಶ್ವತ್ಥಾಮನ ಅಸ್ತ್ರವು ಉರಿಯುತ್ತ ಬಂದಿತು. ಭಾಗವತದಲ್ಲಿ ಉತ್ತರೆಯು ಕೃಷ್ಣನ ಬಳಿಗೆ ಓಡಿಬಂದು, ಅಸ್ತ್ರವು ತನ್ನನ್ನು ಸುಟ್ಟರೆ ಸುಡಲಿ, ಗರ್ಭದಲ್ಲಿರುವ ಶಿಶುವಿಗೆ ಮಾತ್ರ ಹಾನಿಯಾಗದಿರಲೆಂದು ಬೇಡುವಳು. ಮಹಾಭೀತಿಯ ಆ ಕ್ಷಣದಲ್ಲಿ ಆಕೆಯ ಪ್ರಾರ್ಥನೆಯು ತನಗಾಗಿ ಅಲ್ಲದೆ ತನ್ನ ಆಶ್ರಯದಲ್ಲಿದ್ದ ಜೀವಕ್ಕಾಗಿ ಹೊರಟಿತೆಂಬುದನ್ನು ವಾಚಕರು ಗಮನಿಸಬೇಕು. ಶಿಶುವು ಉಳಿಯಿತು. ವಿಷ್ಣುವಿನಿಂದ ಕೊಡಲ್ಪಟ್ಟವನಾದುದರಿಂದ ಅವನಿಗೆ ವಿಷ್ಣುರಾತನೆಂಬ ಹೆಸರಾಯಿತು.

ಇದೇ ವಿಷ್ಣುರಾತನು ಬೆಳೆದು ರಾಜನಾಗಿ, ಒಂದು ದಿನ ಬೇಟೆಯ ಆಯಾಸದಲ್ಲಿ ವಿವೇಕವನ್ನು ಕಳೆದುಕೊಂಡು ಮೌನಿಯಾಗಿದ್ದ ಶಮೀಕಮುನಿಯ ಕೊರಳಿಗೆ ಸತ್ತ ಹಾವನ್ನು ಹಾಕಿದನು. ಏಳನೆಯ ದಿನ ತಕ್ಷಕನು ಕಚ್ಚಲೆಂದು ಮುನಿಯ ಮಗನು ಶಪಿಸಿದನು. ಇಲ್ಲಿಂದ ಮುಂದೆ ಎರಡು ಗ್ರಂಥಗಳು ಎರಡು ಬಗೆಯಾಗಿ ಹೇಳುವುವು. ಮಹಾಭಾರತದ ಆದಿಪರ್ವದಲ್ಲಿ ರಾಜನು ಒಂಟಿಕಂಬದ ಮೇಲೆ ಉಪ್ಪರಿಗೆಯನ್ನು ಕಟ್ಟಿಸಿ, ವೈದ್ಯರನ್ನೂ ಔಷಧಿಗಳನ್ನೂ ಮಂತ್ರಸಿದ್ಧರನ್ನೂ ಸುತ್ತಲೂ ಇರಿಸಿಕೊಂಡು ಒಳಗೆ ಕುಳಿತನು. ಏಳನೆಯ ದಿನ ಸೂರ್ಯನು ಇಳಿಯುತ್ತಿರುವಾಗ, ಇನ್ನು ಭಯವಿಲ್ಲವೆಂಬ ಧೈರ್ಯದಿಂದ, ಹಣ್ಣಿನಲ್ಲಿ ಕಂಡ ಸಣ್ಣ ಹುಳುವೊಂದನ್ನು ನಗುತ್ತ ತನ್ನ ಕೊರಳ ಮೇಲೆ ಇಟ್ಟುಕೊಂಡನು. ಆ ಹುಳುವೇ ತಕ್ಷಕನಾಗಿತ್ತು. ಭಾಗವತದಲ್ಲಿಯಾದರೋ ರಾಜನು ರಾಜ್ಯಭಾರವನ್ನು ಮಗನಿಗೆ ಒಪ್ಪಿಸಿ ಗಂಗಾತೀರಕ್ಕೆ ಹೋಗಿ ಕುಳಿತನು. ಅಲ್ಲಿಗೆ ಬಂದ ಶುಕಮಹರ್ಷಿಗಳನ್ನು ತಾನು ಬದುಕುವ ಬಗೆ ಯಾವುದೆಂದು ಅವನು ಕೇಳಲಿಲ್ಲ. ಸಾವು ಹತ್ತಿರವಾದವನು ಮಾಡಬೇಕಾದುದೇನೆಂದು ಕೇಳಿದನು.

ಎರಡು ಗ್ರಂಥಗಳಲ್ಲಿಯೂ ತಕ್ಷಕನು ಬಂದನು, ರಾಜನು ಮಡಿದನು. ಗರ್ಭದಲ್ಲಿ ಕಾದ ಕೈಯು ಏಳನೆಯ ದಿನ ಕಾಯಲಿಲ್ಲವೇ ಎಂದು ಕೇಳಿದರೆ ಭಾಗವತವು ಒಪ್ಪುವುದಿಲ್ಲ. ಮೊದಲನೆಯ ಸಲ ಅವನಿಗೆ ಆಯುಸ್ಸು ದೊರೆಯಿತು. ಎರಡನೆಯ ಸಲ ಉಳಿದ ಏಳು ದಿನಗಳು ಭಯದ ಬಾಯಿಗೆ ತುತ್ತಾಗದೆ ಅವನಿಗೇ ಉಳಿದುವು. ಒಂಟಿಕಂಬದ ಉಪ್ಪರಿಗೆಯಲ್ಲಿ ಕುಳಿತವನಿಗೆ ಅದೇ ಏಳು ದಿನಗಳಿದ್ದರೂ ಅವು ತಕ್ಷಕನ ಸ್ವತ್ತಾಗಿದ್ದುವು. ವೈದ್ಯರನ್ನು ಕರೆಸಿದುದು ದೋಷವೆಂದು ಇದರಿಂದ ಯಾರೂ ತಿಳಿಯಬಾರದು. ಅದು ರಾಜನಿಗೆ ಕರ್ತವ್ಯವೇ ಆಗಿತ್ತು. ಉಪಾಯಗಳನ್ನು ಮಾಡುವುದು ಬೇರೆ, ಉಪಾಯಗಳೊಳಗೆ ಸೆರೆಯಾಗುವುದು ಬೇರೆ. ಹಾಗೆ ಸೆರೆಯಾದವನು ಒಮ್ಮೆ ನಡುಗುವನು, ಮತ್ತೊಮ್ಮೆ ಹುಳುವನ್ನು ಕೊರಳಿಗಿಟ್ಟು ನಗುವನು. ಈ ನಡುಕವೂ ಆ ನಗೆಯೂ ಒಂದೇ ಬೇರಿನಿಂದ ಹುಟ್ಟಿದುವು.

ಶಾಸ್ತ್ರಕಾರರು ಈ ವಿಶ್ವಾಸವನ್ನು ಬಿಡಿಯಾದ ಒಂದು ಮನೋಭಾವವೆಂದು ಎಣಿಸಿಲ್ಲವೆಂಬುದು ಮುಖ್ಯವಾದ ಅಂಶ. ಪಾಂಚರಾತ್ರಾಗಮದ ಲಕ್ಷ್ಮೀತಂತ್ರವು ಶರಣಾಗತಿಯ ಆರು ಅಂಗಗಳನ್ನು ಎಣಿಸುವುದು. ಆನುಕೂಲ್ಯದ ಸಂಕಲ್ಪ, ಪ್ರಾತಿಕೂಲ್ಯದ ವರ್ಜನ, ರಕ್ಷಿಸುವನೆಂಬ ವಿಶ್ವಾಸ, ರಕ್ಷಕನನ್ನಾಗಿ ವರಿಸುವಿಕೆ, ಆತ್ಮನಿಕ್ಷೇಪ, ಮತ್ತು ಗರ್ವವನ್ನು ಬಿಟ್ಟ ದೈನ್ಯವಾದ ಕಾರ್ಪಣ್ಯ. ಇವುಗಳಲ್ಲಿ ವಿಶ್ವಾಸಕ್ಕೆ ಮೂರನೆಯ ಸ್ಥಾನ. ಅದಕ್ಕಿಂತ ಮೊದಲು ಆನುಕೂಲ್ಯವಿದೆ. ಆನುಕೂಲ್ಯವೆಂದರೆ ದೇವರಿಗೆ ಪ್ರಿಯವಾಗಿರುವುದೆಂದಷ್ಟೇ ಹೇಳಿ ಆ ಗ್ರಂಥವು ನಿಲ್ಲಿಸದೆ, ಸರ್ವಭೂತಗಳಿಗೂ ಅನುಕೂಲನಾಗಿರುವುದೆಂದು ಸ್ಪಷ್ಟವಾಗಿ ವಿವರಿಸುವುದು. ಹೀಗಿರಲು ನೆರೆಯವನಿಗೆ ಬಾಗಿಲನ್ನು ಮುಚ್ಚಿ, ಒಳಗೆ ಕುಳಿತು, ದೇವರು ತನ್ನನ್ನು ಕಾಯುವನೆಂದು ಜಪಿಸುವವನ ವಿಶ್ವಾಸವು ಶಾಸ್ತ್ರದೃಷ್ಟಿಯಲ್ಲಿ ವಿಶ್ವಾಸವೇ ಅಲ್ಲ. ಮೊದಲ ಎರಡು ಮೆಟ್ಟಿಲುಗಳನ್ನು ಬಿಟ್ಟು ಮೂರನೆಯದರ ಮೇಲೆ ನಿಂತಿರುವೆನೆಂದು ಅವನು ಭ್ರಮಿಸಿರುವನು.

ಐದನೆಯ ಅಂಗವಾದ ಆತ್ಮನಿಕ್ಷೇಪವೆಂಬ ಶಬ್ದವೂ ವಿಚಾರಣೀಯವಾದುದು. ನಿಕ್ಷೇಪವೆಂದರೆ ನಂಬಿಕಸ್ಥನ ಕೈಯಲ್ಲಿ ಇಟ್ಟ ಒಡವೆ. ಒಡವೆಯನ್ನು ಒಪ್ಪಿಸಿದವನು ಗಳಿಗೆಗೊಮ್ಮೆ ಹೋಗಿ ಪೆಟ್ಟಿಗೆಯನ್ನು ತೆರೆದು ನೋಡುವುದಿಲ್ಲ. ನೋಡುವುದಾದರೆ ಒಪ್ಪಿಸಿದಂತಾಗಲಿಲ್ಲ. ಆದರೆ ನಿಕ್ಷೇಪಕ್ಕೆ ಮತ್ತೊಂದು ಮುಖವೂ ಇದೆ. ಮನುಷ್ಯನು ತನ್ನನ್ನು ದೇವರಲ್ಲಿ ಇಟ್ಟಂತೆಯೇ ದೇವರು ಮನುಷ್ಯನ ಕೈಯಲ್ಲಿಯೂ ಕೆಲವು ಒಡವೆಗಳನ್ನು ಇಟ್ಟಿರುವನು. ಮಕ್ಕಳು, ವೃದ್ಧರು, ರೋಗಿಗಳು, ವಿದ್ಯೆ, ಊರು, ಇವೆಲ್ಲವೂ ಅಂತಹವು. ತನ್ನ ಚಿಂತೆಯನ್ನು ಅಲ್ಲಿ ಇಳಿಸಿದವನ ಕೈಗಳು ಇಲ್ಲಿ ತೆರಪಾಗುವುವು.

ಇದು ಬರಿಯ ಮಾತಿನ ಚಮತ್ಕಾರವಲ್ಲವೆಂಬುದಕ್ಕೆ 14ನೆಯ ಶತಮಾನದ ಶ್ರೀರಂಗವೇ ನಿದರ್ಶನ. ಆ ಶತಮಾನದ ಪೂರ್ವಾರ್ಧದಲ್ಲಿ ದೆಹಲಿಯ ಸುಲ್ತಾನರ ಸೈನ್ಯವು ದಕ್ಷಿಣಕ್ಕೆ ಇಳಿದು ಶ್ರೀರಂಗದ ಮೇಲೆ ಬಿದ್ದಾಗ ಅಲ್ಲಿ ಶ್ರೀವೈಷ್ಣವರ ಇಬ್ಬರು ಮಹಾಚಾರ್ಯರಿದ್ದರು. ಒಬ್ಬರು ಶ್ರೀವಚನಭೂಷಣವನ್ನು ರಚಿಸಿದ ಪಿಳ್ಳೈ ಲೋಕಾಚಾರ್ಯರು, ಮತ್ತೊಬ್ಬರು ವೇದಾಂತದೇಶಿಕರು. ಮುಂದೆ ಇವರಿಬ್ಬರ ಉಪದೇಶಗಳನ್ನು ಹಿಡಿದು ಎರಡು ಪಂಥಗಳು ಬೆಳೆದುವು. ಅವುಗಳ ಭೇದವನ್ನು ತಿಳಿಸಲು ಎರಡು ನ್ಯಾಯಗಳನ್ನು ಹೇಳುವ ವಾಡಿಕೆಯಿದೆ. ಕೋತಿಯ ಮರಿಯು ತಾಯಿಯನ್ನು ತಾನೇ ಬಿಗಿಯಾಗಿ ಅಪ್ಪಿಕೊಳ್ಳುವಂತೆ ಜೀವನ ಕಡೆಯಿಂದಲೂ ಅಲ್ಪಪ್ರಯತ್ನವಿರಬೇಕೆಂಬುದು ದೇಶಿಕರ ಅನುಯಾಯಿಗಳ ಮತ. ಇದು ಮರ್ಕಟಕಿಶೋರನ್ಯಾಯ. ಬೆಕ್ಕಿನ ಮರಿಯು ಏನನ್ನೂ ಮಾಡದಿದ್ದರೂ ತಾಯಿಯೇ ಕಚ್ಚಿಕೊಂಡು ಒಯ್ಯುವಂತೆ ಭಗವಂತನೇ ರಕ್ಷಿಸುವನೆಂಬುದು ಲೋಕಾಚಾರ್ಯರ ಅನುಯಾಯಿಗಳ ಮತ. ಇದು ಮಾರ್ಜಾಲಕಿಶೋರನ್ಯಾಯ.

ಎರಡನೆಯ ನ್ಯಾಯವನ್ನು ಕೇಳಿದೊಡನೆಯೇ, ಹಾಗಾದರೆ ಕೈಕಟ್ಟಿ ಕುಳಿತಿರಬಹುದಲ್ಲವೇ ಎಂದು ಸೋಮಾರಿಯು ಸಂತೋಷಪಡುವನು. ಆದರೆ ಸಂಪ್ರದಾಯವು ಹೇಳುವ ವೃತ್ತಾಂತವು ಅವನನ್ನು ನಿರಾಶೆಗೊಳಿಸುವುದು. ಸೈನ್ಯವು ಸಮೀಪಿಸಿದಾಗ ಅತಿವೃದ್ಧರಾಗಿದ್ದ ಲೋಕಾಚಾರ್ಯರು ಬೆಕ್ಕಿನ ಮರಿಯಂತೆ ಮೂಲೆಯಲ್ಲಿ ಮಲಗಲಿಲ್ಲ. ರಂಗನಾಥನ ಉತ್ಸವಮೂರ್ತಿಯನ್ನು ಗುಪ್ತವಾಗಿ ಹೊರಡಿಸಿಕೊಂಡು ಕಾಡುಮೇಡುಗಳಲ್ಲಿ ದಕ್ಷಿಣಾಭಿಮುಖವಾಗಿ ನಡೆದರು. ದಾರಿಯಲ್ಲಿಯೇ, ಮಧುರೆಯ ಸಮೀಪದ ಗ್ರಾಮವೊಂದರಲ್ಲಿ ದೇಹವನ್ನು ಬಿಟ್ಟರು. ದೇವರೇ ಎಲ್ಲವನ್ನೂ ಕಾಯುವನೆಂದು ಬೋಧಿಸಿದವರು ಆ ದೇವರ ವಿಗ್ರಹವನ್ನೇ ಕಾಯುವ ಭಾರವನ್ನು ಮುಪ್ಪಿನ ಹೆಗಲಿನ ಮೇಲೆ ಹೊತ್ತರು. ತನ್ನ ರಕ್ಷಣೆಗೆ ತಾನು ಏನನ್ನೂ ಮಾಡಬೇಕಾಗಿಲ್ಲವೆಂಬ ಅವರ ಸಿದ್ಧಾಂತವು ತನ್ನ ವಶಕ್ಕೆ ಬಂದುದನ್ನು ಕೈಬಿಡಬಹುದೆಂದು ಅವರಿಗೆ ಕಲಿಸಿರಲಿಲ್ಲ.

ದೇಶಿಕರ ಪಾಲಿಗೆ ಬಂದ ನಿಕ್ಷೇಪವು ಬೇರೆಯದು. ರಾಮಾನುಜರ ಶ್ರೀಭಾಷ್ಯಕ್ಕೆ ಶ್ರುತಪ್ರಕಾಶಿಕೆಯೆಂಬ ವ್ಯಾಖ್ಯಾನವನ್ನು ಬರೆದ ಸುದರ್ಶನಸೂರಿಗಳು ತಮ್ಮ ಆ ಗ್ರಂಥವನ್ನೂ ಇಬ್ಬರು ಎಳೆಯ ಮಕ್ಕಳನ್ನೂ ಅವರಿಗೆ ಒಪ್ಪಿಸಿದರು. ದೇಶಿಕರು ಹತರಾದವರ ಶವಗಳ ನಡುವೆ ರಾತ್ರಿಯನ್ನು ಕಳೆದು, ಗ್ರಂಥದೊಡನೆಯೂ ಮಕ್ಕಳೊಡನೆಯೂ ಪಾರಾಗಿ ಕರ್ಣಾಟಕದ ಕಡೆಗೆ ಬಂದರೆಂದು ಪರಂಪರೆಯು ಹೇಳುವುದು. ಶಿವನಸಮುದ್ರದ ಸಮೀಪದ ಸತ್ಯಗಾಲದಲ್ಲಿ ಅವರು ವಾಸಿಸಿದರು. ಅಲ್ಲಿಯೇ ರಂಗನಾಥನನ್ನು ಕುರಿತು ಅಭೀತಿಸ್ತವವನ್ನು ರಚಿಸಿದರೆಂಬ ಪ್ರತೀತಿಯಿದೆ. ಅಭೀತಿಯೆಂದರೆ ಭಯವಿಲ್ಲದಿರುವಿಕೆ. ಮನೆಯು ಹೋಗಿತ್ತು, ಮಠವು ಹೋಗಿತ್ತು, ಆರಾಧ್ಯದೈವವು ಯಾವ ಊರಿನಲ್ಲಿರುವುದೆಂಬ ನಿಶ್ಚಯವಿರಲಿಲ್ಲ, ಹಿಂದಿರುಗುವ ದಿನವು ಕಾಣುತ್ತಿರಲಿಲ್ಲ. ಅಂತಹ ಸಮಯದಲ್ಲಿ ಬರೆದುದಕ್ಕೆ ಅವರು ಇಟ್ಟ ಹೆಸರು ಇದು. ಉತ್ಸವಮೂರ್ತಿಯು ತಿರುಮಲೆಯೇ ಮೊದಲಾದ ಸ್ಥಳಗಳಲ್ಲಿದ್ದು, ವಿಜಯನಗರದ ಅಧಿಕಾರಿಯಾದ ಗೋಪಣಾರ್ಯನ ಮೂಲಕ ಶ್ರೀರಂಗಕ್ಕೆ ಮರಳಿದುದು 1371ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿಗೂ ಹೆಚ್ಚು ಕಾಲವು ಸಂದಿತ್ತು.

ಒಬ್ಬ ಆಚಾರ್ಯರು ದಾರಿಯಲ್ಲಿ ತೀರಿಕೊಂಡರು, ಒಬ್ಬರು ಉಳಿದರು. ತೀರಿಕೊಂಡವರಲ್ಲಿ ವಿಶ್ವಾಸವು ಕಡಿಮೆಯಾಗಿತ್ತೆಂದು ಎರಡು ಪಂಥಗಳವರಲ್ಲಿ ಯಾರೂ ಹೇಳಲಾರರು. ಇಬ್ಬರ ಕೈಗೂ ಬಂದ ಒಡವೆಗಳು ಉಳಿದುವು. ಮೂರ್ತಿಯು ಇಂದಿಗೂ ಪೂಜೆಗೊಳ್ಳುತ್ತಿದೆ, ಶ್ರುತಪ್ರಕಾಶಿಕೆಯನ್ನು ಪಾಠಶಾಲೆಗಳಲ್ಲಿ ಇಂದಿಗೂ ಓದುವರು. ಮರಣವು ಬಂದಿತೇ ಬಾರದೇ ಎಂಬುದರಿಂದ ವಿಶ್ವಾಸವನ್ನು ಅಳೆಯಲಾಗುವುದಿಲ್ಲ. ಭಯಕಾಲದಲ್ಲಿ ಕೈಗಳು ಏನನ್ನು ಬಿಟ್ಟುವು, ಏನನ್ನು ಹಿಡಿದುವು ಎಂಬುದೇ ಅದಕ್ಕೆ ಸರಿಯಾದ ಅಳತೆ.

ಈ ಅಳತೆಯು ಹಳೆಯ ಕಾಲಕ್ಕೆ ಮಾತ್ರ ಸಲ್ಲುವುದೆಂದು ಭಾವಿಸಬೇಕಾಗಿಲ್ಲ. ಪ್ಲೇಗು 1896ರಲ್ಲಿ ಮುಂಬಯಿಗೂ 1898ರಲ್ಲಿ ಬೆಂಗಳೂರಿಗೂ ಬಂದಿತು. ಇಲಿ ಬಿದ್ದಿತೆಂಬ ಸುದ್ದಿಯು ಹಬ್ಬಿದರೆ ಊರಿಗೆ ಊರೇ ಹೊಲಗಳ ಗುಡಿಸಲುಗಳಿಗೆ ಹೋಗುತ್ತಿದ್ದ ಆ ವರ್ಷಗಳ ನೆನಪಿಗಾಗಿ ಪ್ಲೇಗಿನ ಅಮ್ಮನ ಗುಡಿಗಳು ಇನ್ನೂ ಉಳಿದಿವೆ. ಊರನ್ನು ಬಿಡುವುದು ಅವಿಶ್ವಾಸವಾಗಿರಲಿಲ್ಲ. ರೋಗವು ಇಲಿಯ ಮೈಮೇಲಣ ಚಿಗಟದಿಂದ ಹರಡುವುದೆಂದು ಫ್ರೆಂಚ್ ವೈದ್ಯನಾದ ಸೀಮೊಂಡನು 1898ರಲ್ಲಿ ತೋರಿಸಿದ ಮೇಲೆ ಅದು ವಿವೇಕವೆಂದೇ ಸಿದ್ಧವಾಯಿತು. ಆದರೆ ರೋಗಿಯನ್ನು ಒಂಟಿಯಾಗಿ ಬಿಟ್ಟು ಓಡುವುದು ಬೇರೆ ಮಾತು. ಪುಣೆಯಲ್ಲಿ ಸಾವಿತ್ರೀಬಾಯಿ ಫುಲೆಯವರು ಪ್ಲೇಗು ತಗುಲಿದ ಬಾಲಕನೊಬ್ಬನನ್ನು ಬೆನ್ನಿನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ತಮಗೂ ಅದೇ ರೋಗವು ತಗುಲಿ 1897ರ ಮಾರ್ಚಿ 10ರಂದು ತೀರಿಕೊಂಡರು. ಅವರ ನಂಬಿಕೆಯು ಯಾವ ಹೆಸರಿನದೆಂಬ ಚರ್ಚೆಯು ಇಲ್ಲಿ ಅನಾವಶ್ಯಕ. ಶಾಸ್ತ್ರವು ಆನುಕೂಲ್ಯವೆಂದು ಕರೆದ ಮೊದಲನೆಯ ಅಂಗವು ಆ ಬೆನ್ನಿನ ಮೇಲೆ ಪ್ರತ್ಯಕ್ಷವಾಗಿತ್ತು.

ಅದೇ ಪ್ಲೇಗಿನ ಕಾಲದಲ್ಲಿ, 1897ರಲ್ಲಿ, ಸಾಂಕ್ರಾಮಿಕರೋಗಗಳ ಕಾಯಿದೆಯು ಹುಟ್ಟಿತು. 123 ವರ್ಷಗಳ ತರುವಾಯ, 2020ರಲ್ಲಿ ಕೋವಿಡ್ ವ್ಯಾಧಿಯು ಬಂದಾಗ, ಏಪ್ರಿಲ್ 22ರಂದು ಕೇಂದ್ರಸರ್ಕಾರವು ಸುಗ್ರೀವಾಜ್ಞೆಯೊಂದರಿಂದ ಆ ಕಾಯಿದೆಯನ್ನು ತಿದ್ದಬೇಕಾಯಿತು. ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ವೈದ್ಯರ ಮೇಲೆಯೂ ದಾದಿಯರ ಮೇಲೆಯೂ ಜನರು ಕೈಮಾಡತೊಡಗಿದುದೇ ಅದಕ್ಕೆ ಕಾರಣ. ಬಾಡಿಗೆಯ ಮನೆಯನ್ನು ಬಿಡೆಂದು ಅವರಿಗೆ ಹೇಳಿದವರೂ ಇದ್ದರು. ಹಾಗೆ ಹೇಳಿದವರ ಮನೆಗಳಲ್ಲಿ ದೇವರ ಕೋಣೆಯಿರಲಿಲ್ಲವೆಂದು ಹೇಳುವಂತಿಲ್ಲ. ಬೆಳಗ್ಗೆ ದೀಪವನ್ನು ಹಚ್ಚಿ ರಕ್ಷಿಸೆಂದು ಬೇಡಿದವನೇ, ಆ ರಕ್ಷಣೆಯು ದಾದಿಯ ರೂಪದಿಂದ ಮಹಡಿಯ ಮೆಟ್ಟಿಲನ್ನು ಇಳಿದು ಬಂದಾಗ ಗುರುತಿಸಲಾರದೆ ಹೋದನು. ಭಯವು ಮಾಡುವ ಅನರ್ಥಗಳಲ್ಲಿ ಇದು ದೊಡ್ಡದು. ಅದು ಶತ್ರುವನ್ನು ದೂರಮಾಡಲಾರದು, ಮಿತ್ರನನ್ನು ಶತ್ರುವನ್ನಾಗಿ ತೋರಿಸಬಲ್ಲುದು.

ಆ ವರ್ಷ ದೇವಾಲಯಗಳ ಬಾಗಿಲುಗಳು ಭಕ್ತರಿಗೆ ಮುಚ್ಚಿದುವು. ದೇವರಿಗೇ ಭಯವೇ ಎಂದು ಕೆಲವರು ಕುಚೋದ್ಯ ಮಾಡಿದರು. ನಂಬಿದವನಿಗೆ ರೋಗವು ತಗುಲದೆಂದು ಗುಂಪುಗೂಡಲು ಹೊರಟವರೂ ಇದ್ದರು. ಈ ಇಬ್ಬರೂ ಒಂದೇ ತಪ್ಪನ್ನು ಮಾಡಿದರು. ದೇವರನ್ನು ಅಪಾಯವಿಲ್ಲವೆಂಬುದಕ್ಕೆ ಹೊಣೆಗಾರನನ್ನಾಗಿ ಇಬ್ಬರೂ ಎಣಿಸಿದರು. ತನ್ನ ಉಸಿರಿನಿಂದ ಮತ್ತೊಬ್ಬನಿಗೆ ಕೇಡಾಗದಿರಲೆಂದು ಮನೆಯಲ್ಲಿಯೇ ಕೈಮುಗಿದವನು ಪ್ರಾತಿಕೂಲ್ಯವರ್ಜನವೆಂಬ ಎರಡನೆಯ ಅಂಗವನ್ನು ಆಚರಿಸಿದನು. ಅವನ ವಿಶ್ವಾಸಕ್ಕೆ ಆಗ ಮೂರನೆಯ ಮೆಟ್ಟಿಲಿನಲ್ಲಿ ನಿಲ್ಲುವ ಹಕ್ಕಿತ್ತು.

ಇಷ್ಟೆಲ್ಲವನ್ನು ಹೇಳಿದರೂ ಮಗುವನ್ನು ಕಳೆದುಕೊಂಡ ತಾಯಿಗೆ ಸಮಾಧಾನವಾಯಿತೆಂದು ಹೇಳಲಾಗದು. ಅವಳ ಮುಂದೆ ಕರ್ಮಸಿದ್ಧಾಂತವನ್ನು ಬಿಚ್ಚುವುದು ಪಾಂಡಿತ್ಯವಾಗಬಹುದು, ಆನುಕೂಲ್ಯವಾಗಲಾರದು. ಅಭಿಮನ್ಯುವಿನ ಮರಣದ ತರುವಾಯ ಸ್ವಯಂ ಕೃಷ್ಣನೇ ತಂಗಿಯಾದ ಸುಭದ್ರೆಯ ಬಳಿಗೆ ಹೋಗಿ ಕುಳಿತು ಸಂತೈಸಿದನೆಂದು ದ್ರೋಣಪರ್ವವು ಹೇಳುವುದು. ಅವನ ಮಾತುಗಳನ್ನು ಕೇಳಿದ ಮೇಲೆಯೂ ಅವಳು ಅತ್ತಳು. ಅವಳ ಅಳುವನ್ನು ಅವಿಶ್ವಾಸವೆಂದು ಯಾರೂ ಕರೆಯಲಿಲ್ಲ. ನಂಬಿಕೆಯುಳ್ಳವರು ಅಳಬಾರದೆಂಬ ಕಟ್ಟಳೆಯು ಶಾಸ್ತ್ರದಲ್ಲಿಲ್ಲ. ಅಳುವವರ ಹತ್ತಿರ ಕುಳಿತುಕೊಳ್ಳುವವರು ಬೇಕೆಂಬುದು ಮಾತ್ರ ಆ ಪ್ರಸಂಗದಿಂದ ತಿಳಿಯುವುದು.

ಭಗವದ್ಗೀತೆಯ 16ನೆಯ ಅಧ್ಯಾಯದಲ್ಲಿ ದೈವೀಸಂಪತ್ತಿನ ಗುಣಗಳನ್ನು ಎಣಿಸುವಾಗ ಅಭಯವನ್ನು ಎಲ್ಲಕ್ಕಿಂತ ಮೊದಲು ಹೇಳಿದೆ. ದಾನ, ಅಹಿಂಸೆ, ಭೂತದಯೆ ಮೊದಲಾದುವು ಅದನ್ನು ಹಿಂಬಾಲಿಸುವುವು. ಈ ಕ್ರಮವು ಆಕಸ್ಮಿಕವೆಂದು ತೋರುವುದಿಲ್ಲ. ನಡುಗುವ ಕೈಯು ಕೊಡಲಾರದು, ನಡುಗುವ ಮನಸ್ಸು ದಯೆಯನ್ನು ತೋರಲಾರದು. ಸಂನ್ಯಾಸವನ್ನು ಸ್ವೀಕರಿಸುವವನು ಸರ್ವಪ್ರಾಣಿಗಳಿಗೂ ಅಭಯವನ್ನು ಕೊಡುವನು. ಗೃಹಸ್ಥನಿಗೆ ಅಷ್ಟು ದೊಡ್ಡ ವ್ರತವು ಸಾಧ್ಯವಾಗದಿದ್ದರೂ, ತನ್ನ ಬೀದಿಯ ಒಬ್ಬಿಬ್ಬರಿಗೆ ಅಭಯವನ್ನು ಕೊಡುವುದು ಅವನ ಶಕ್ತಿಗೆ ಮೀರಿದುದಲ್ಲ.

ಆದುದರಿಂದ ಅನಿಶ್ಚಯದ ದಿನಗಳಲ್ಲಿ ತನ್ನ ವಿಶ್ವಾಸವು ನಿಜವಾದುದೇ ಎಂದು ತಿಳಿಯಬೇಕೆನ್ನುವ ಗೃಹಸ್ಥನು ತನ್ನ ಎದೆಯ ಬಡಿತವನ್ನು ಪರೀಕ್ಷಿಸಬೇಕಾಗಿಲ್ಲ. ಎದೆಯು ಬಡಿದುಕೊಂಡರೆ ಬಡಿದುಕೊಳ್ಳಲಿ, ಅದು ದೇಹಧರ್ಮ. ಔಷಧಿಯನ್ನು ತಂದಿಟ್ಟುಕೊಳ್ಳಲಿ, ಬಾಗಿಲಿಗೆ ಅಗುಳಿಯನ್ನು ಹಾಕಲಿ, ಇವು ವಿವೇಕ. ಅನಂತರ ತನ್ನ ವಶದಲ್ಲಿರುವ ಒಡವೆಗಳನ್ನು ಎಣಿಸಿಕೊಳ್ಳಲಿ. ಮನೆಯ ವೃದ್ಧರಿಗೆ ಆಹಾರವಾಯಿತೇ, ಪಕ್ಕದ ಮನೆಯ ಒಂಟಿ ಹೆಂಗಸನ್ನು ಯಾರಾದರೂ ವಿಚಾರಿಸಿದರೇ, ಮಕ್ಕಳ ಪಾಠವು ನಿಲ್ಲದೆ ನಡೆದಿದೆಯೇ ಎಂದು ನೋಡಲಿ. ಇವು ನಡೆದಿದ್ದರೆ, ರಾತ್ರಿಯಲ್ಲಿ ತನ್ನನ್ನೂ ಇವರೆಲ್ಲರನ್ನೂ ದೇವರ ವಶಕ್ಕೆ ಒಪ್ಪಿಸಿ ಅವನು ನಿದ್ರೆಮಾಡಬಹುದು. ಬೆಳಗ್ಗೆ ಏನಾಗುವುದೆಂಬುದು ಅವನಿಗೆ ತಿಳಿಯದು. ಶರಣಾಗತಿಯ ಆರು ಅಂಗಗಳಲ್ಲಿ ಅದನ್ನು ತಿಳಿದಿರಬೇಕೆಂಬ ಅಂಗವು ಇಲ್ಲ.